ಗೆಲ್ಲುವವರು ಗೊತ್ತಿದ್ದ ಚುನಾವಣೆ

2022ರ ಅಕ್ಟೋಬರ್ 16, ಭಾನುವಾರ ಸಂಜೆ, ಮಾನ್ವಿ ಸೀಮೆಯ ಕಲ್ಲೂರು. ಮರುದಿನ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ. ಈ ಪಕ್ಷದಲ್ಲಿ ಹಾಗೊಂದು ಸ್ಪರ್ಧೆ ನಡೆದು 22 ವರ್ಷವಾಗಿತ್ತು. ಮಾಮ ಭತ್ತ, ಹತ್ತಿ ಬೆಳೆಯುವ ಹಳೆಯ ಕಾಂಗ್ರೆಸ್ಸಿಗರು. ಅಳಿಯ ರಾಯಚೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು. ತಾನು ಯಾವ ಪಕ್ಷದವನೂ ಅಲ್ಲ ಎನ್ನುತ್ತಾನೆ. ಮಾಮ ಅದನ್ನು ನಂಬುವುದಿಲ್ಲ.

ಅಳಿಯ: ಮಾಮ, ನಾಳೆ ನಿಮ್ಮ ವೋಟು ಯಾರಿಗೆ?

ಮಾಮ: ನನಗೆಲ್ಲಿ ವೋಟು ಅದನಪಾ? ವಯಸ್ಸೆಲ್ಲಾ ಬಾವುಟ ಹೊತ್ತೀನಿ, ಬ್ಯಾನರ್ ಕಟ್ಟೀನಿ, ಬೂತಿನ ಮುಂದ ಕುಂತು ಚೀಟಿ ಬರದು ಕೊಟ್ಟೀನಿ. ಆದ್ರ ಅಧ್ಯಕ್ಷರನ್ನ ಆರಿಸೋದು ನಮ್ಮಂಥೋರ ಕೆಲಸ ಅಲ್ಲ. ಬ್ಲಾಕಿಗೊಬ್ಬ ಪ್ರತಿನಿಧಿ ಇರ್ತಾನ, ಅವ ಬೆಂಗಳೂರಿಗೆ ಹೋಗಿ ಹಾಕಿ ಬರ್ತಾನ.

ಅಳಿಯ: ನಮ್ಮ ಬ್ಲಾಕಿನವ ಯಾರು?

ಮಾಮ: ಯಾರೋ ಇರ್ಬೇಕು.

ಅಳಿಯ: ಅಂದ್ರ ನಿಮಗೇ ಗೊತ್ತಿಲ್ಲ!

ಮಾಮ: ಫೋಟೋ ಹಚ್ಚಿದ ಕಾರ್ಡು ಬಂದದ ಅಂತ ಕೇಳೀನಿ, ಮ್ಯಾಲ ಕ್ಯೂಆರ್ ಕೋಡ್ ಬ್ಯಾರೆ. ಯಾರ ಕಿಸೇದಾಗ ಅದನೋ ಏನೋ. ಇರ್ಲಿ ಬಿಡು. ವೋಟಿಲ್ಲ ಅಂತ ಮನಸ್ಸೂ ಇರಬಾರ್ದೇನು? ನನ್ನ ಮನಸ್ಸು ಖರ್ಗೆಯವರ ಕಡೆ ಅದ.

ಅಳಿಯ: ನಮ್ಮ ಕಡೆಯವರು ಅಂತ?

ಮಾಮ: ಹಂಗಾ ತಿಳ್ಕೊ, ನನಗೇನು ನಾಚಿಕಿಲ್ಲ. ಭಾಲ್ಕಿ ತಾಲೂಕಿನ ವರವಟ್ಟಿಯಾಗ ಹುಟ್ಟಿದ ಮನಿಷ್ಯಾ. ರಜಾಕಾರರ ಗದ್ದಲದಾಗ ಮನಿಗೆ ಬೆಂಕಿ ಬಿದ್ದು ತಾಯಿ, ತಂಗಿ ಹೋದ್ರು. ತಂದಿ ಈ ಹುಡುಗನ್ನ ಕರ್ಕೊಂಡು ಕಲಬುರ್ಗಿ ಸೇರಿದ್ರು. ಮುಂದ ವಕೀಲರಾಗಿ ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಸಂಘಕ್ಕ ಕಾನೂನು ಹೇಳಿದ್ರು. 1969ರಾಗ ಕಲಬುರ್ಗಿ ನಗರ ಕಾಂಗ್ರೆಸ್ ಅಧ್ಯಕ್ಷ, 1972ರಾಗ ಗುರುಮಠಕಲ್ ಶಾಸಕ. ಗುರುಮಠಕಲ್‌ದಾಗ ಎಂಟು ಸಲ, ಚಿತ್ತಾಪುರದಾಗ ಒಂದು ಸಲ, ಲೋಕಸಭೆಗೆ ಎರಡು ಸಲ. ಹನ್ನೊಂದು ಚುನಾವಣೆ ಸಾಲಾಗಿ ಗೆದ್ದೋರನ್ನ ಸೋಲಿಲ್ಲದ ಸರದಾರ ಅಂತ ಸುಮ್ಮನ ಕರೀತಾರೇನು?

ಅಳಿಯ: 2019ರಾಗ 95 ಸಾವಿರಕ್ಕೂ ಹೆಚ್ಚು ಮತದಿಂದ ಸೋತ್ರಲ್ಲ.

ಮಾಮ: ಸೋಲಿಸಿದೋರು ಯಾರು? ನಮ್ಮ ಪಕ್ಷದಾಗ ಶಾಸಕರಾಗಿದ್ದು ಆ ಕಡೆ ಜಿಗಿದ ಉಮೇಶ ಜಾಧವ್ ಅವರು. ಅದಕ್ಕ ನಿಷ್ಠೆಗೆ ಬೆಲೆ ಕೊಡಬೇಕು ಅನ್ನೋದು.

ಅಳಿಯ: ಸೋಲಿನ ಮಾತು ಬಿಡ್ರಿ, ಇಂದಿರಾ ಗಾಂಧಿನೂ ಸೋತಿದ್ರು. ನನ್ನ ಅನುಮಾನ ಆ ನಿಷ್ಠೆ ಮ್ಯಾಲೇ ಅದ. ಮುಖ್ಯಮಂತ್ರಿ ಕುರ್ಚಿ ಮೂರು ಸಲ ಅವರ ಬಾಗಿಲ ತನ ಬಂದು ತಿರುಗಿ ಹೋತು. 1999ರಾಗ ಕೃಷ್ಣ, 2004ರಾಗ ಧರ್ಮಸಿಂಗ್, 2013ರಾಗ ಸಿದ್ದರಾಮಯ್ಯ. ಮೂರೂ ಸಲ ಇವರು ತುಟಿ ಬಿಚ್ಚಲಿಲ್ಲ. ಕಾರ್ಯಕರ್ತನಿಗೆ ಅದು ಒಳ್ಳೆ ಗುಣನೇ. ಆದ್ರ ನಾಳೆ ಆರಿಸಬೇಕಾದದ್ದು ಕಾರ್ಯಕರ್ತನ್ನಲ್ಲ, ಅಧ್ಯಕ್ಷರನ್ನ. ಮ್ಯಾಲಿನವರು ತಪ್ಪು ಮಾಡಿದಾಗ ತಪ್ಪು ಅನ್ನಬೇಕಾದ ಕುರ್ಚಿ ಅದು.

ಮಾಮ: ಸಿಟ್ಟಿಗೆದ್ದು ಪಕ್ಷ ಬಿಟ್ಟಿದ್ರ ಏನಾಗ್ತಿತ್ತು ಹೇಳಲಾ? ಸಂವಿಧಾನದಾಗ 371(ಜೆ) ಬರ್ತಿರಲಿಲ್ಲ. ವಾಜಪೇಯಿ ಸರ್ಕಾರ ಇದ್ದಾಗ ಆಗಂಗಿಲ್ಲ ಅಂತ ಕೈ ಝಾಡಿಸಿದ್ರು. 2012ರ ಡಿಸೆಂಬರಿನಾಗ ಸಂಸತ್ತಿನಾಗ ಪಾಸಾತು. ಅವಾಗ ಇವರು ಕಾರ್ಮಿಕ ಮಂತ್ರಿ. ಒಳಗಿದ್ದು ಬೆನ್ನು ಹತ್ತಿದ್ದಕ್ಕ ಆತು. ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಹುಡುಗರಿಗೆ ಸೀಟು, ನೌಕರಿ ಸಿಕ್ತು. ನಿನ್ನ ತಂಗಿ ನರ್ಸಿಂಗ್ ಸೀಟು ಎಲ್ಲಿಂದ ಬಂತು?

ಅಳಿಯ: ಅದನ್ನ ನಾ ಅಲ್ಲಗಳಿಯಂಗಿಲ್ಲ. ಆದ್ರ ಬೀದ್ಯಾಗ ಕುಂತು ಗಂಟಲು ಹರಕೊಂಡೋರು ವೈಜನಾಥ ಪಾಟೀಲರು. ಅವರನ್ನ ಬಿಟ್ಟು ಆ ಕತಿ ಹೇಳಬ್ಯಾಡ್ರಿ.

ಮಾಮ: ಹೊರಗಿನಿಂದ ಅವರು, ಒಳಗಿಂದ ಇವರು. ಬರೇ ಹೊರಗಿನ ಕೂಗಿಗೆ ಸಂವಿಧಾನ ತಿದ್ದುಪಡಿ ಆಗಿದ್ದು ಎಲ್ಲಿ ನೋಡಿದಿ?

ಅಳಿಯ: ಮತ್ತ ರಾಯಚೂರಿಗೆ? ಇಎಸ್ಐ ಮೆಡಿಕಲ್ ಕಾಲೇಜು ಕಲಬುರ್ಗಿಗೆ ಹೋತು. ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಗೆ ಹೋತು. ಐಐಟಿ ನಮಗೆ ಬರ್ತದ ಅಂತ ಕಾದು ಕುಂತ್ವಿ, ಧಾರವಾಡಕ್ಕ ಹೋತು. ನಂಜುಂಡಪ್ಪ ವರದಿಯಾಗ ಅತಿ ಹಿಂದುಳಿದ ತಾಲೂಕು ಅಂತ ದೇವದುರ್ಗದ ಹೆಸರು ಬಂದು 20 ವರ್ಷ ಆತು. ಈಗ ಏಮ್ಸ್ ಬೇಕು ಅಂತ ಮೇ ತಿಂಗಳಿಂದ ರಾಯಚೂರಿನಾಗ ಧರಣಿ ಕುಂತಾರ. ‘ನಮ್ಮ ಭಾಗದವರು’ ಅಂದಾಗೆಲ್ಲ ನನಗ ಯಾವ ಭಾಗ ಅಂತ ಕೇಳಬೇಕು ಅನಸ್ತದ.

(ಈ ಮಾತಿಗೆ ಮಾಮ ಕೂಡಲೇ ಉತ್ತರಿಸಲಿಲ್ಲ. ಕಲಬುರಗಿಯ ಮೇಲೆ ರಾಯಚೂರಿಗಿರುವ ಮುನಿಸು ಬೆಂಗಳೂರಿನ ಮೇಲೆ ಕಲಬುರಗಿಗಿರುವ ಮುನಿಸಿಗಿಂತ ಹೊಸದು, ಆದರೆ ಕಡಿಮೆಯದಲ್ಲ.)

ಮಾಮ: ಸರಿ, ನಿನ್ನ ಉಮೇದುವಾರರ ಬಗ್ಗೆ ಹೇಳು. ತರೂರ್ ಸಾಹೇಬರು ಯಾವ ಬೂತಿನಾಗ ಚೀಟಿ ಬರದಾರ?

ಅಳಿಯ: ಬರದಿಲ್ಲ. ಲಂಡನ್‌ದಾಗ ಹುಟ್ಟಿ, ವಿಶ್ವಸಂಸ್ಥೆಯಾಗ ದುಡದು, 2009ರಾಗ ತಿರುವನಂತಪುರಕ್ಕ ಬಂದು ನಿಂತ್ರು. ಹೊರಗಿನವ ಅಂದ್ರು, ಗೆದ್ರು. 2014, 2019ರಾಗ ದೇಶದಾಗೆಲ್ಲ ಕಾಂಗ್ರೆಸ್ ಮಕಾಡೆ ಬಿದ್ದಾಗೂ ಗೆದ್ರು. ಅದೇನು ಸಣ್ಣ ಮಾತಲ್ಲ.

ಮಾಮ: ಅವರ ಇಂಗ್ಲಿಷಿಗೆ ನಿಘಂಟು ತಗೀಬೇಕಂತ. ನಮ್ಮ ಪಕ್ಷ ಸೋಲ್ತಿರೋದು ಉತ್ತರ ಪ್ರದೇಶದಾಗ, ಬಿಹಾರದಾಗ. ಅಲ್ಲಿ ನಿಘಂಟು ಹಿಡ್ಕೊಂಡು ಹೋಗ್ತಾರೇನು? ಖರ್ಗೆಯವರು ನಿಜಾಮರ ಸೀಮೆಯವರು. ಹಿಂದಿ, ಉರ್ದು, ಮರಾಠಿ, ತೆಲುಗು ಎಲ್ಲಾ ನಾಲಿಗಿ ತುದಿಮ್ಯಾಲ. ಸಂಸತ್ತಿನಾಗ ಕನ್ನಡದ ಮನಿಷ್ಯಾ ನಿಂತು ಹಿಂದಿಯಾಗ ಆಳುವ ಪಕ್ಷದವರ ಬೆವರು ಇಳಿಸೋದು ನೋಡಿಲ್ಲೇನು?

ಅಳಿಯ: ಅದು ಒಪ್ಪಿದೆ. ಆದ್ರ ತರೂರ್ ಏನು ಮಾಡ್ತೀನಿ ಅನ್ನೋದನ್ನ ಬರದು ಕೊಟ್ಟಾರ. ಅಧಿಕಾರ ದಿಲ್ಲಿಯಿಂದ ರಾಜ್ಯಕ್ಕ, ರಾಜ್ಯದಿಂದ ಜಿಲ್ಲೆಗೆ ಇಳೀಬೇಕು ಅಂತ ಪ್ರಣಾಳಿಕೆ ಹೊರಡಿಸ್ಯಾರ.

ಮಾಮ: ಆ ಪ್ರಣಾಳಿಕೆಯಾಗಿನ ಭಾರತದ ನಕಾಶಿದಾಗ ಕಾಶ್ಮೀರನ ಪೂರ್ತಿ ಇರಲಿಲ್ಲ! ಆಮ್ಯಾಲ ಕ್ಷಮೆ ಕೇಳಿದ್ರು.

ಅಳಿಯ: ಕೇಳಿದ್ರಲ್ಲ. ಖರ್ಗೆಯವರದ್ದು ಏನದ? ಉದಯಪುರದಾಗ ಮೇ ತಿಂಗಳು ಆದ ನಿರ್ಣಯ ಜಾರಿ ಮಾಡ್ತೀನಿ ಅಂದಾರ. ಅದರಾಗ ಮುಖ್ಯವಾದದ್ದು, ಪಕ್ಷದ ಹುದ್ದೆಗಳಾಗ ಅರ್ಧ 50 ವರ್ಷದ ಒಳಗಿನವರಿಗೆ. ಜಾರಿ ಮಾಡೋರಿಗೆ 80.

ಮಾಮ: ಉಳಿದರ್ಧ ಅದನಲ್ಲ, ಅದರಾಗ ಇವರು ಬರ್ತಾರ! ನೀ ನಗಬ್ಯಾಡ. ಮುಪ್ಪಿನವರು ಹುಡುಗರಿಗೆ ಜಾಗ ಬಿಡಿಸ್ಬೇಕಂದ್ರ ಮುಪ್ಪಿನವರ ಮಾತೇ ನಡೀಬೇಕು. ಇನ್ನೊಂದು ಹೇಳ್ತೀನಿ ಕೇಳು. ಜಗಜೀವನರಾಮರ ಮ್ಯಾಲ ದಲಿತರೊಬ್ಬರು ಆ ಕುರ್ಚಿಗೆ ಬಂದಿಲ್ಲ. ಪೇಪರಿನವರು ಜಗಜೀವನರಾಮರೇ ಮೊದಲಿಗರು ಅಂತ ಬರೀತಾರ, ಅದು ತಪ್ಪು. ಇಲ್ಲೇ ಕರ್ನೂಲು ಕಡೆಯ ದಾಮೋದರಂ ಸಂಜೀವಯ್ಯ 1962ರಾಗ ಆಗಿದ್ರು. ಇವರಾದ್ರ ಮೂರನೇಯವರು.

ಅಳಿಯ: ಅದು ತೂಕದ ಮಾತು, ಅದಕ್ಕ ನನ್ನಲ್ಲಿ ಎದುರು ಮಾತಿಲ್ಲ. ಆದ್ರ ಮಾಮ, ಹತ್ತಿ ಮಾರ್ಕೆಟ್ಟಿಗೆ ಹೋದಾಗ ನೀವು ಮೊದಲು ಏನು ನೋಡ್ತೀರಿ?

ಮಾಮ: ಕಾಟಾ ನೋಡ್ತೀನಿ.

ಅಳಿಯ: ಇಲ್ಲೂ ಅದನ್ನೇ ನೋಡ್ರಿ. ಹೆಚ್ಚುಕಡಿಮೆ 9,900 ಮತದಾರರು. ಅವರನ್ನ ಯಾರು, ಯಾವಾಗ, ಎಲ್ಲಿ ಆರಿಸಿದ್ರು? ನಿಮ್ಮ ಬ್ಲಾಕಿನವನ ಹೆಸರು ನಿಮಗೇ ಗೊತ್ತಿಲ್ಲ. ಇಬ್ಬರನ್ನ ತೂಗೋ ಮುಂಚೆ ಈ 9,900 ಜನರನ್ನ ತೂಗಬೇಕಿತ್ತು. ಅಮೆರಿಕದಾಗ ಅಧ್ಯಕ್ಷ ಸ್ಥಾನಕ್ಕ ಪಕ್ಷದ ಉಮೇದುವಾರ ಯಾರು ಅನ್ನೋದನ್ನ ಪಕ್ಷದ ಸಾಮಾನ್ಯ ಮತದಾರರೇ ಆರಿಸ್ತಾರ. ಅಯೋವಾ ಅಂತ ರಾಜ್ಯ ಅದ, ಮೆಕ್ಕೆಜೋಳ ಬೆಳೆಯೋ ಸೀಮೆ. 2008ರ ಜನವರಿಯಾಗ ಅಲ್ಲಿನ ಜನ ಸಾಲಿ, ಸಮುದಾಯ ಭವನದಾಗ ಕೂಡಿ ಕುಂತು ಹಿಲರಿ ಕ್ಲಿಂಟನ್‌ರನ್ನ ಬಿಟ್ಟು ಒಬಾಮಾ ಅಂದ್ರು. ದೊಡ್ಡ ನಾಯಕರು ಬಹಳ ಮಂದಿ ಹಿಲರಿ ಕಡೆ ಇದ್ರು.

ಮಾಮ: ಅವರಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದೇನು?

ಅಳಿಯ: ಅಲ್ಲ. 1968ರಾಗ ಹಂಫ್ರಿ ಅನ್ನೋರು ಒಂದೂ ಪ್ರೈಮರಿಗೆ, ಅಂದ್ರ ಇಂಥ ಮತದಾನಕ್ಕ, ನಿಲ್ಲದೇ ಉಮೇದುವಾರ ಆದ್ರು, ಪಕ್ಷದ ದೊಡ್ಡವರು ಕೂಡಿ ಮಾಡಿದ್ರು. ಶಿಕಾಗೋದ ಬೀದ್ಯಾಗ ದೊಡ್ಡ ಗಲಾಟೆ ಆತು, ಆಮ್ಯಾಲ ಚುನಾವಣೆನೂ ಸೋತ್ರು. ಅದಾದ ಮ್ಯಾಲ ನಿಯಮ ಬದಲಾಗಿ 1972ರಿಂದ ಪ್ರೈಮರಿದೇ ಮಾತು ನಡೀತು. ಖರ್ಗೆಯವರು ಗುರುಮಠಕಲ್‌ದಾಗ ಮೊದಲ ಸಲ ಗೆದ್ದ ವರ್ಷ.

ಮಾಮ: 1968ರಾಗ ನಮ್ಮ ನಿಜಲಿಂಗಪ್ಪನವರು ಎಐಸಿಸಿ ಅಧ್ಯಕ್ಷರಾದ್ರು. ಮರುವರ್ಷ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದ್ರು. ಏನಾತು? ಪಕ್ಷ ಎರಡು ಹೋಳಾತು, ಜನ ಇಂದಿರಮ್ಮನ ಹಿಂದ ಹೋದ್ರು. ಅದಕ್ಕೂ ಹಿಂದ 1939ರಾಗ ಸುಭಾಷರು ಗಾಂಧೀಜಿ ಮನಸ್ಸಿನಾಗಿದ್ದ ಪಟ್ಟಾಭಿಯವರನ್ನ 1,580ಕ್ಕ 1,377ರಂಗ ಸೋಲಿಸಿದ್ರು. ಏಪ್ರಿಲ್ ಅನ್ನೋದ್ರಾಗ ರಾಜೀನಾಮೆ. ಈ ಪಕ್ಷದಾಗ ಗೆಲ್ಲೋದು ಒಂದು, ಕುರ್ಚಿ ಮ್ಯಾಲ ಕುಂತು ಕೆಲಸ ನಡಸೋದು ಇನ್ನೊಂದು. ಅದಕ್ಕೇ ಖರ್ಗೆಯವರು ಅಂದಾರ, ಗಾಂಧಿ ಮನೆತನದವರ ಸಲಹೆ ಕೇಳೋದ್ರಾಗ ಸಂಕೋಚ ಏನದ ಅಂತ.

ಅಳಿಯ: ಸಲಹೆ ಕೇಳೋದು ಬ್ಯಾರೆ, ಅಪ್ಪಣೆ ಕೇಳೋದು ಬ್ಯಾರೆ. ಚಿಂಚೋಳಿಯ ವೀರೇಂದ್ರ ಪಾಟೀಲರನ್ನ ಮರತ್ರೇನು? 1989ರಾಗ 178 ಸೀಟು ತಂದು ಕೊಟ್ರು. ಮರುವರ್ಷ ಹಾಸಿಗಿ ಹಿಡಿದಿದ್ರು, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಾಗ ನಿಂತು ಮುಖ್ಯಮಂತ್ರಿ ಕುರ್ಚಿಯಿಂದ ಇಳಿಸಿ ಹೋದ್ರು.

ಮಾಮ: (ಸ್ವಲ್ಪ ಹೊತ್ತಿನ ನಂತರ) ಮರತಿಲ್ಲ. ಆ ಪೆಟ್ಟಿನಿಂದ ಪಕ್ಷ ಈ ಸೀಮೆಯಾಗ ಇವತ್ತಿಗೂ ಪೂರ್ತಿ ಎದ್ದಿಲ್ಲ.

ಅಳಿಯ: ಈ ಸಲದ್ದೇ ನೋಡ್ರಿ. ಮೊದಲು ರಾಜಸ್ಥಾನದ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಅಂದ್ರು. ಸೆಪ್ಟೆಂಬರ್ 25ಕ್ಕ ಜೈಪುರದಾಗ ಅವರ ಶಾಸಕರು ಸಭೆಗೇ ಬರಲಿಲ್ಲ. ಅಲ್ಲಿ ವೀಕ್ಷಕರಾಗಿ ಹೋಗಿ ಖಾಲಿ ಕುರ್ಚಿ ನೋಡಿ ಬಂದೋರು ಯಾರು? ಖರ್ಗೆ ಮತ್ತ ಅಜಯ್ ಮಾಕನ್. ಗೆಹ್ಲೋಟ್ ಹಿಂದ ಸರಿದ್ರು. ದಿಗ್ವಿಜಯ್ ಸಿಂಗ್ ಫಾರ್ಮ್ ಒಯ್ದ್ರು. 30ಕ್ಕ ಕೊನೇ ದಿನ, ಅವರೂ ಬಿಟ್ರು, ಖರ್ಗೆ ಬಂದ್ರು. ಐದು ದಿನದಾಗ ಮೂರು ಹೆಸರು! ಪಕ್ಷದಾಗ ಸುಧಾರಣೆ ಬೇಕು ಅಂತ 2020ರಾಗ ಪತ್ರ ಬರದ 23 ಮಂದಿಯಾಗ ತರೂರೂ ಒಬ್ಬರು. ಆ ಗುಂಪಿನ ಆನಂದ್ ಶರ್ಮಾ, ಹೂಡಾ, ಪೃಥ್ವಿರಾಜ್ ಚವ್ಹಾಣ್ ಸಹಿ ಹಾಕಿದ್ದು ಯಾರ ಅರ್ಜಿಗೆ? ಖರ್ಗೆಯವರ ಅರ್ಜಿಗೆ.

ಮಾಮ: ಅಂದ್ರ ಜೊತಿಗಿದ್ದೋರಿಗೇ ತರೂರ್ ಬ್ಯಾಡಾದ್ರು. ಅದನ್ನೂ ತೂಕಕ್ಕ ಹಿಡಿಯಪ್ಪಾ.

ಅಳಿಯ: ಹಿಡದೀನಿ. ಅವರಿಗೆ ಇಂಥ ಚುನಾವಣೆ ಹೊಸದೇನಲ್ಲ. 2006ರಾಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸ್ಥಾನಕ್ಕ ನಿಂತಿದ್ರು. ಅಲ್ಲಿ ಮತ ಹಾಕೋರು ಭದ್ರತಾ ಮಂಡಳಿಯ 15 ದೇಶ, ಅದರಾಗ ಐದಕ್ಕ ವೀಟೋ. ಎರಡನೇ ಸ್ಥಾನ ಬಂತು, ಬಾನ್ ಕಿ ಮೂನ್ ಆದ್ರು. ದೊಡ್ಡ ಕುರ್ಚಿಗೆ ನಿಂತ ಎರಡೂ ಸಲ ಮತದಾರರು ಜನ ಅಲ್ಲ. ಜನ ಮತದಾರರಾದ ಕಡೆ ಮಾತ್ರ ಮೂರಕ್ಕ ಮೂರು ಗೆದ್ದಾರ.

ಮಾಮ: ಚಲೋ ಹೇಳಿದಿ. ಆದ್ರೂ ನಾ ಖರ್ಗೆಯವರಿಗೇ. ಮುರುಕು ಮನಿ ಅದ, ಅದರ ಯಾವ ತೊಲಿ ಎಲ್ಲಿ ಅದ ಅಂತ ತಿಳದೋರೇ ಬೇಕು.

ಆರು ದಿನ ಕಳೆದು ಮತ್ತೆ ಅದೇ ಇಬ್ಬರು. ಅಷ್ಟರಲ್ಲಿ ಫಲಿತಾಂಶ ಬಂದಿತ್ತು: 19ರಂದು ಎಣಿಸಿದ 9,385 ಮತಗಳಲ್ಲಿ ಖರ್ಗೆ 7,897, ತರೂರ್ 1,072, ಅಸಿಂಧು 416. ಮಂತ್ರಾಲಯದ ಕಡೆಯಿಂದ ರಾಯಚೂರು ಜಿಲ್ಲೆಗೆ ಬಂದಿದ್ದ ಭಾರತ್ ಜೋಡೋ ಯಾತ್ರೆಯಲ್ಲಿ ಯರಗೇರಾದಿಂದ ನಡೆದ ಮಾಮ, 22ರ ಸಂಜೆ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕುಳಿತಿದ್ದರು.

ಅಳಿಯ: ನಿಮ್ಮವರು ಗೆದ್ರು. ಪೇಡೆ ಎಲ್ಲಿ?

ಮಾಮ: ಗೆಲ್ಲೋದು ಗೊತ್ತಿದ್ದದ್ದೇ. ನನಗ ಬ್ಯಾರೇನೇ ಕಾಡ್ಲಿಕ್ಕತ್ಯಾದ. ಆ 416. ಪಕ್ಷದಾಗ ಆರಿಸಿ ತಗದ ಪ್ರತಿನಿಧಿಗಳು, ಕಾರ್ಡು ಇದ್ದೋರು, ಎರಡೇ ಹೆಸರು. ನೂರಕ್ಕ ನಾಕು ಮಂದಿಗೂ ಹೆಚ್ಚು ಚೀಟಿ ಕೆಡಿಸ್ಯಾರ! ನಮ್ಮೂರ ಪಂಚಾಯಿತಿ ಚುನಾವಣೆಯಾಗ ಅಕ್ಷರ ಬರದ ಮುದುಕಿಯರೂ ಗುರುತು ನೋಡಿ ಸರಿಯಾಗಿ ಒತ್ತಿ ಬರ್ತಾರ.

ಅಳಿಯ: ಒಂದು ಕಾರಣ ಇರಬಹುದು. ಮೊದಲು ಬೇಕಾದವರ ಹೆಸರಿನ ಮುಂದ 1 ಅಂತ ಬರೀರಿ ಅಂದಿದ್ರು. ಮೂರು ಮಂದಿ ನಿಂತ್ರ 1, 2 ಅಂತ ಬರೆಯೋ ಹಳೇ ಪದ್ಧತಿ ಅದು. ಚೀಟಿಯಾಗ ಖರ್ಗೆ ಹೆಸರು ಮೊದಲನೇದು, ತರೂರ್ ಹೆಸರು ಎರಡನೇದು. ಎರಡನೇಯವರ ಮುಂದ 1 ಬರೀಬೇಕಂದ್ರ ಗೊಂದಲ ಆಗ್ತದ ಅಂತ ತರೂರ್ ಕಡೆಯವರು ತಕರಾರು ಎತ್ತಿದ್ರು. ಮತದಾನ ನಾಳೆ ಅನ್ನೋವಾಗ ಚುನಾವಣೆ ನಡಸೋ ಮಧುಸೂದನ ಮಿಸ್ತ್ರಿಯವರು ರೈಟ್ ಗುರುತು ಹಾಕ್ರಿ ಅಂತ ಬದಲಿ ಮಾಡಿದ್ರು.

ಮಾಮ: ಅದಕ್ಕ ಕೆಲವರು ಎರಡೂ ಹಾಕಿರ್ಬೇಕು. ಇಲ್ಲಾ ಬೇಕಂತನೇ ಕೆಡಿಸ್ಯಾರ. ಖರ್ಗೆ ಬ್ಯಾಡ, ತರೂರ್‌ಗೆ ಹಾಕೋ ಧೈರ್ಯ ಇಲ್ಲ.

ಅಳಿಯ: ಇರಬಹುದು. ಯಾವ ರಾಜ್ಯದ್ದು ಎಷ್ಟು ಅನ್ನೋದು ತಿಳಿಯಬಾರ್ದು ಅಂತ ಎಲ್ಲಾ ಪೆಟ್ಟಿಗೆ ಚೀಟಿ ಕಲಸಿ ಎಣಿಸ್ಯಾರ. ಅದು ಒಳ್ಳೇದು. ಆ ಧೈರ್ಯದ 1,072 ಅದರಿಂದಲೇ ಬಂದಿರ್ಬೇಕು. 2000ದಾಗ ಸೋನಿಯಾ ಎದುರು ಜಿತೇಂದ್ರ ಪ್ರಸಾದ್‌ಗೆ ಬಿದ್ದದ್ದು 94.

ಮಾಮ: 1997 ಬಿಟ್ಟು ಹೇಳಬ್ಯಾಡ. ಸೀತಾರಾಮ ಕೇಸರಿ 6,224, ಶರದ್ ಪವಾರ್ 882, ರಾಜೇಶ್ ಪೈಲಟ್ 354. ಸೋತ ಇಬ್ಬರದ್ದು ಕೂಡಿಸಿದ್ರ ನೂರಕ್ಕ ಹದಿನಾರಕ್ಕೂ ಹೆಚ್ಚು ಆಗ್ತದ. ನಿನ್ನ ತರೂರ್ ಹನ್ನೊಂದು ಚಿಲ್ಲರೆ.

ಅಳಿಯ: ಲೆಕ್ಕ ಇಷ್ಟು ಬರ್ತದಂತ ನನಗ ಗೊತ್ತಿರಲಿಲ್ಲ.

ಮಾಮ: ಕಾಂಗ್ರೆಸ್ಸಿನವರಿಗೆ ಸೋತ ಲೆಕ್ಕ ಬಾಯಿಪಾಠ ಇರ್ತದ. ಅಂದಂಗ ಯರಗೇರಾದಾಗ ನಮ್ಮ ಪ್ರತಿನಿಧಿ ಸಿಕ್ಕಿದ್ದ, ಕಾರ್ಡು ಇನ್ನೂ ಕೊರಳಾಗೇ ಇತ್ತು. ಯಾರಿಗೆ ಹಾಕಿದ್ಯೋ ಅಂತ ಕೇಳಿದೆ. ಗೆದ್ದೋರಿಗೆ ಅಂದ.

ಅಳಿಯ: ಎಣಿಕಿ ಆದಮ್ಯಾಲ ಎಲ್ಲರೂ ಅದನ್ನೇ ಅಂತಾರ.

ಮಾಮ: ಎಣಿಕಿಗೆ ಮುಂಚೆ ಕೇಳಿದ್ರೂ ಅವ ಅದನ್ನೇ ಅಂತಿದ್ದ. ರಾಹುಲ್ ಗಾಂಧಿ ನೋಡು, 17ಕ್ಕ ಬಳ್ಳಾರಿ ಹತ್ತಿರ ಸಂಗನಕಲ್ಲಿನಾಗ ಯಾತ್ರೆ ಬಿಡಾರದಾಗ ಎಲ್ಲರಂಗ ಸಾಲಿನಾಗ ನಿಂತು ಮತ ಹಾಕಿದ್ರು. ನೋಡಿ ಸಂತೋಷ ಆತು. 19ಕ್ಕ ಆದೋನಿಯಾಗ ಪತ್ರಕರ್ತರು ಮುಂದ ನಿಮ್ಮ ಕೆಲಸ ಏನು ಅಂತ ಕೇಳಿದ್ರ, ಖರ್ಗೆಯವರು ಹೇಳ್ತಾರ ಅಂದ್ರು. ಫಲಿತಾಂಶ ಇನ್ನೂ ಅಧಿಕೃತವಾಗಿ ಹೊರಗ ಬಿದ್ದಿರಲಿಲ್ಲ!

ಅಳಿಯ: ಇದನ್ನ ನೀವೇ ಹೇಳ್ತೀರಲ್ಲ.

ಮಾಮ: ನಾ ಪಕ್ಷದವ, ನಾ ಹೇಳದೆ ಯಾರು ಹೇಳಬೇಕು? ಆದ್ರ ನಿನ್ನ ಸದಸ್ಯರ ಚುನಾವಣೆ ಹಣೆಬರಹನೂ ಮೊನ್ನೆ ನೋಡಿದ್ವಿ. ಇಂಗ್ಲೆಂಡಿನಾಗ ಪಕ್ಷದ ಸದಸ್ಯರೆಲ್ಲ ಕೂಡಿ ಮತ ಹಾಕಿ, ಸೆಪ್ಟೆಂಬರಿನಾಗ ಬೆಂಗಳೂರಿನ ಅಳಿಯ ರಿಷಿ ಸುನಕ್‌ರನ್ನ ಬಿಟ್ಟು ಲಿಜ್ ಟ್ರಸ್ ಅನ್ನೋರನ್ನ ಆರಿಸಿದ್ರು. 81 ಸಾವಿರ ಮತ ಬಿದ್ದವು ಅಂತ ನೀನೇ ಹೇಳಿದ್ದಿ. ನಮ್ಮ ಫಲಿತಾಂಶದ ಮರುದಿನ ಆಯಮ್ಮ ರಾಜೀನಾಮೆ ಕೊಟ್ರು. ಈಗ ಮತ್ತ ಆ ಅಳಿಯನ ಹೆಸರೇ ಬಂದದ, ಈ ಸಲ ಸಂಸದರು ಸೇರಿ ಮಾಡ್ತಾರಂತ. ಕಾಟಾ ದೊಡ್ಡದಿದ್ರ ತೂಕ ಸರಿ ಬರ್ತದ ಅಂತಲ್ಲ.

ಅಳಿಯ: ಸರಿ ಬರದಿದ್ರ ಎದ್ದು ಕೇಳಾಕ ಆಗ್ತದಲ್ಲ ಮಾಮ. ಅಲ್ಲಿನ ಸದಸ್ಯ ತನ್ನ ಮತ ತಾನೇ ಹಾಳು ಮಾಡಿಕೊಂಡ. ಇಲ್ಲಿ ನಿಮ್ಮ ಮತ ಯಾರೋ ಹಾಕಿ ಬಂದು ಗೆದ್ದೋರಿಗೆ ಅಂತಾರ. ಮುಂದಿನ ಸಲಕ್ಕಾದ್ರೂ ಪ್ರತಿನಿಧಿಗಳ ಯಾದಿ ಬ್ಲಾಕ್ ಆಫೀಸಿನ ಗೋಡೆಗೆ ಹಚ್ಚಸ್ರಿ.

ಮಾಮ: ಮುಂದಿನ ಸಲ ಅಂದ್ರ 2027. ಅಲ್ಲಿ ತನ ಬಾಳ ನೀರು ಹರೀತದ. ನನಗ ಅದಕ್ಕೂ ಮೊದಲು ಒಂದು ಕೆಲಸ ಅದ. ಏಮ್ಸ್ ಧರಣಿಯಾಗ ಕುಂತೋರನ್ನ ಕಟ್ಟಿಕೊಂಡು ಕಲಬುರ್ಗಿಗೆ ಹೋಗ್ಬೇಕು, ಹೊಸ ಅಧ್ಯಕ್ಷರನ್ನ ಕಾಣಬೇಕು.

ಅಳಿಯ: ವಿರೋಧ ಪಕ್ಷದ ಅಧ್ಯಕ್ಷರು ಏಮ್ಸ್ ಎಲ್ಲಿಂದ ಕೊಡ್ತಾರ?

ಮಾಮ: ಕೊಡ್ಲಿಕ್ಕೆ ಆಗಂಗಿಲ್ಲ, ದಿಲ್ಲಿಯಾಗ ಕೇಳ್ಲಿಕ್ಕೆ ಆಗ್ತದ. 371(ಜೆ)ನೂ ಕೇಳ್ತಾ ಕೇಳ್ತಾನೇ ಬಂದದ್ದು. ನಮ್ಮ ಕಡೆಯವರು ಅಂತ ಚಪ್ಪಾಳಿ ಹೊಡದೀನಿ, ಈಗ ರಾಯಚೂರೂ ನಿಮ್ಮ ಕಡೆನಾ ಅಂತ ಕೇಳಿ ಬರ್ತೀನಿ. ನೀ ಮೊನ್ನೆ ಕೇಳಿದ್ದು ತಲಿಯಾಗ ಉಳದದ.

ಅಳಿಯ: ಹಂಗಿದ್ರ ಅರ್ಜಿ ನಾ ಬರದು ಕೊಡ್ತೀನಿ.

ಮಾಮ: ಬರಿ. ಸೊಲ್ಪ ಸರಳ ಇರ್ಲಿ ಮತ್ತ, ನಾವು ಹೊಂಟಿರೋದು ತರೂರ್ ಸಾಹೇಬರ ಹತ್ರ ಅಲ್ಲ.